ಬಿದಿರಿಗೆ ಎಷ್ಟು ಉಪಯೋಗ?

"ಒಂದು ಇಟ್ಟಿಗೆಯನ್ನು ಯಾವ್ಯಾವುದಕ್ಕೆ ಬಳಸಬಹುದು? ತೋಚಿದ್ದನ್ನೆಲ್ಲ ಬರೆಯಿರಿ. ಸಮಯ ಎರಡು ನಿಮಿಷ." ಮನುಷ್ಯನ ಸೃಜನಶೀಲತೆಯನ್ನು ಅಳೆಯಲು ಮನೋವಿಜ್ಞಾನಿಗಳು ಏಳು ದಶಕಗಳಿಂದ ಕೇಳುತ್ತ ಬಂದಿರುವ ಪ್ರಶ್ನೆ ಹೆಚ್ಚುಕಡಿಮೆ ಇಷ್ಟೇ. ಇದರ ಹಿಂದಿರುವ ಹೆಸರು ಜೆ.ಪಿ. ಗಿಲ್‌ಫರ್ಡ್. 1950ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷ ಭಾಷಣದಲ್ಲಿ ಅವರು ತಮ್ಮವರನ್ನೇ ತರಾಟೆಗೆ ತೆಗೆದುಕೊಂಡರು. ಹಿಂದಿನ 23 ವರ್ಷಗಳಲ್ಲಿ ಪಟ್ಟಿಯಾಗಿದ್ದ ಸುಮಾರು 1,21,000 ಮನೋವಿಜ್ಞಾನ ಬರಹಗಳಲ್ಲಿ ಸೃಜನಶೀಲತೆಯ ಬಗ್ಗೆ ಇದ್ದದ್ದು ಬರೀ 186. ಆ ಭಾಷಣದ ನಂತರ ಪರೀಕ್ಷೆಗಳ ಸುಗ್ಗಿಯೇ ಬಂತು. 1966ರಲ್ಲಿ ಪಾಲ್ ಟೊರೆನ್ಸ್ ರೂಪಿಸಿದ ಪರೀಕ್ಷೆ ಇವತ್ತಿಗೂ ಹಲವು ದೇಶಗಳ ಶಾಲೆಗಳಲ್ಲಿ ನಡೆಯುತ್ತದೆ. ಎಷ್ಟು ಉತ್ತರ ಬಂತು, ಅವು ಎಷ್ಟು ಬಗೆಯವು, ಬೇರೆ ಯಾರಿಗೂ ಹೊಳೆಯದ ಉತ್ತರ ಎಷ್ಟಿವೆ ಎಂದು ಎಣಿಸಿ ಅಂಕ ಕೊಡುತ್ತಾರೆ.

ಇಟ್ಟಿಗೆ ತೆಗೆದು ಬಿದಿರು ಇಟ್ಟು ಇದೇ ಪ್ರಶ್ನೆಯನ್ನು ಉತ್ತರ ಕನ್ನಡದ ಕಾಳಿ ನದಿಯ ಕಣಿವೆಯಲ್ಲಿ ಕೇಳೋಣ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್‌ನ ಮಟ್ಟಿಗೆ ಬಿದಿರಿಗಿದ್ದ ಉಪಯೋಗ ಒಂದೇ: ಕಾಗದದ ತಿರುಳು. ಜೋಯಿಡಾದ ಕಾಡಂಚಿನ ಮನೆಯಲ್ಲಿ ಕೇಳಿದರೆ ಪಟ್ಟಿ ಮುಗಿಯುವುದೇ ಇಲ್ಲ. ಮೊರ, ಬುಟ್ಟಿ, ತಡಿಕೆ, ಬೇಲಿ, ಏಣಿ, ಮೀನು ಹಿಡಿಯುವ ಕೂಣಿ, ದನಕ್ಕೆ ಔಷಧಿ ಕುಡಿಸುವ ಗೊಟ್ಟ, ಕೊಳಲು, ಮಳೆಗಾಲದಲ್ಲಿ ಕಳಲೆಯ ಪಲ್ಯ, ಕೊನೆಗೆ ಮನುಷ್ಯನನ್ನು ಹೊತ್ತೊಯ್ಯುವ ಚಟ್ಟ. ಗಿಲ್‌ಫರ್ಡ್ ಲೆಕ್ಕದಲ್ಲಿ ಮಿಲ್ಲಿಗೆ ಒಂದು ಅಂಕ, ಕಾಡಂಚಿನ ಮನೆಗೆ ಹತ್ತಕ್ಕೆ ಹತ್ತು.

ಆದರೆ ಈ ಅಂಕಪಟ್ಟಿ ಪೂರ್ತಿ ಮೋಸದ್ದು. ಆ ಹತ್ತರಲ್ಲಿ ಒಂದನ್ನೂ ಉತ್ತರ ಹೇಳಿದವರು ಆ ಗಳಿಗೆಯಲ್ಲಿ ಕಂಡುಹಿಡಿದಿಲ್ಲ. ಅಜ್ಜಿಯ ಕಾಲದಿಂದ ನೋಡಿದ್ದನ್ನು ನೆನಪಿನಿಂದ ತೆಗೆದು ಕೊಟ್ಟರು, ಅಷ್ಟೆ. ಮನೋವಿಜ್ಞಾನಿಗಳಿಗೂ ಈ ಅನುಮಾನ ಇತ್ತು. 2007ರಲ್ಲಿ ಗಿಲ್‌ಹೂಲಿ ಮತ್ತು ಸಂಗಡಿಗರು, ಉತ್ತರ ಹುಡುಕುವಾಗ ಮನಸ್ಸಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳುತ್ತಿರಿ ಎಂದು ಜನರನ್ನು ಕೇಳಿಕೊಂಡರು. ಮೊದಮೊದಲ ಉತ್ತರಗಳು ಬಹುಪಾಲು ನೆನಪಿನ ಸರಕು ಎಂದು ಗೊತ್ತಾಯಿತು. ನೆನಪು ಬರಿದಾದ ಮೇಲೆ ಜನ ಬೇರೆ ದಾರಿ ಹಿಡಿಯುತ್ತಾರೆ. ವಸ್ತುವನ್ನು ಮನಸ್ಸಿನಲ್ಲೇ ಬಿಚ್ಚುತ್ತಾರೆ, ಅದರ ತೂಕ, ಗಡಸು, ಟೊಳ್ಳು ಒಂದೊಂದನ್ನೂ ಬೇರೆಬೇರೆಯಾಗಿ ನೋಡುತ್ತಾರೆ. ಹೊಸತು ಹುಟ್ಟುವುದು ಆಗ. ಉತ್ತರಗಳು ತಡವಾದಷ್ಟೂ ಅಪರೂಪದವಾಗುತ್ತವೆ ಎಂಬುದನ್ನು ಗಿಲ್‌ಫರ್ಡ್ ಗುಂಪೇ 1957ರಲ್ಲಿ ಗಮನಿಸಿತ್ತು. ಮೊದಲ ಎರಡು ನಿಮಿಷಕ್ಕೆ ಗಂಟೆ ಬಾರಿಸಿ ಹಾಳೆ ಕಿತ್ತುಕೊಳ್ಳುವ ಪರೀಕ್ಷೆಯ ಬಗ್ಗೆ ಇದಕ್ಕಿಂತ ಖಾರವಾದ ಟೀಕೆ ಬೇಕಿಲ್ಲ.

ಬಿದಿರಿನ ವಿಷಯ ಬಂದದ್ದಕ್ಕೆ ಇನ್ನೊಂದು ಪ್ರಸಂಗ. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಉತ್ತರ ಕನ್ನಡದಲ್ಲಿ ಬಿದಿರು ಬರಿದಾಗುತ್ತಿದ್ದುದರ ಅಧ್ಯಯನಕ್ಕೆ ಇಳಿದರು. ಮೆಳೆಯ ಬುಡದ ಮುಳ್ಳಿನ ಕವಚವನ್ನು ಸವರಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬುದು ಆಗಿನ ಅಧಿಕೃತ ತಿಳಿವಳಿಕೆ. ಹಳ್ಳಿಗರು ಬೇರೆಯೇ ಹೇಳಿದರು. ಆ ಮುಳ್ಳೇ ಎಳೆ ಕಳಲೆಯನ್ನು ದನಕರು, ಕಾಡುಪ್ರಾಣಿಗಳ ಬಾಯಿಯಿಂದ ಕಾಯುವುದು, ಅದನ್ನು ಸವರಿದ್ದೇ ತಪ್ಪು ಎಂದರು. ಅಳೆದು ನೋಡಿದಾಗ ಹಳ್ಳಿಗರ ಮಾತೇ ನಿಜವಾಯಿತು. ಇದನ್ನು ಸೃಜನಶೀಲತೆ ಎನ್ನಲಾಗದು, ಇದು ಗಮನ. ಆದರೆ ಸಾಮಗ್ರಿಯನ್ನು ಇಷ್ಟು ಹತ್ತಿರದಿಂದ ಬಲ್ಲವರಲ್ಲದೆ ಬೇರೆಯವರು ಅದರಿಂದ ಹೊಸತನ್ನು ತೆಗೆದದ್ದು ಅಪರೂಪ. ಗಮನ, ಸೃಜನಶೀಲತೆ ಎರಡೂ ಒಂದೇ ಮನೆಯಲ್ಲಿ ಇರುತ್ತವೆ.

ಹಾಗಾದರೆ ಸೃಜನಶೀಲ ಎಂದು ಯಾವುದನ್ನು ಕರೆಯಬೇಕು? ಹೆಚ್ಚಿನ ಸಂಶೋಧಕರು ಇವತ್ತಿಗೂ ನೆಚ್ಚಿಕೊಂಡಿರುವ ವ್ಯಾಖ್ಯೆಯನ್ನು 1953ರಲ್ಲಿ ಮಾರಿಸ್ ಸ್ಟೈನ್ ಕೊಟ್ಟರು. ಮಾಡಿದ್ದು ಹೊಸತಾಗಿರಬೇಕು. ಜೊತೆಗೆ ಯಾವುದೋ ಒಂದು ಕಾಲದಲ್ಲಿ ಯಾವುದೋ ಒಂದು ಗುಂಪಿನ ಜನ ಅದನ್ನು ಉಪಯುಕ್ತವೆಂದೋ ಒಪ್ಪತಕ್ಕದ್ದೆಂದೋ ಕಾಣಬೇಕು. ಎರಡನೆಯ ಷರತ್ತಿನಲ್ಲಿರುವ 'ಗುಂಪಿನ ಜನ'ರನ್ನು ನಾವು ಓದುವಾಗ ಹಾರಿಸಿಬಿಡುತ್ತೇವೆ. ಸೃಜನಶೀಲ ವ್ಯಕ್ತಿ ಎಂದರೆ ಒಬ್ಬಂಟಿ, ತಲೆಕೆದರಿದವನು, ಅವನ ತಲೆಯೊಳಗೆ ಏನೋ ವಿಶೇಷ ಇದೆ ಎಂಬ ಕಲ್ಪನೆ ಅಷ್ಟು ಗಟ್ಟಿಯಾಗಿದೆ. ನನ್ನ ತಕರಾರು ಈ ಕಲ್ಪನೆಯ ಮೇಲೆ. ಅದಕ್ಕೆ ಸಾಕ್ಷಿಯಾಗಿ ಮುಂಡಗೋಡ ತಾಲ್ಲೂಕಿನ ಮೈನಳ್ಳಿ, ಗುಂಜಾವತಿ, ಹಳಿಯಾಳ ತಾಲ್ಲೂಕಿನ ಗರ್ಡೊಳ್ಳಿಯಂಥ ಊರುಗಳ, ಆಫ್ರಿಕ ಮೂಲದ ಸಿದ್ದಿ ಹೆಂಗಸರ ಕೌದಿಯನ್ನು ಮುಂದಿಡುತ್ತೇನೆ.

ಕೌದಿ ಉತ್ತರ ಕರ್ನಾಟಕದ ಮನೆಮನೆಯಲ್ಲೂ ಇದೆ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಮಾಡಿ ಹೊಲಿದ ಹೊದಿಕೆ. ಸಿದ್ದಿಯರ ಕೌದಿಯ ವಿಶೇಷ ಇರುವುದು ಹೊಲಿಯುವ ಕ್ರಮದಲ್ಲಿ. ಅಮೆರಿಕದಲ್ಲೋ ಯುರೋಪಿನಲ್ಲೋ ಇಂಥ ಹೊದಿಕೆ ಮಾಡುವವರು ಸಾಮಾನ್ಯವಾಗಿ ಮೊದಲು ಮೇಲ್ಪದರದ ತುಂಡುಗಳನ್ನೆಲ್ಲ ಜೋಡಿಸಿ ಒಂದು ಹಾಸು ಸಿದ್ಧ ಮಾಡಿಕೊಳ್ಳುತ್ತಾರೆ. ಜೋಡಣೆ ಒಪ್ಪಿಗೆಯಾದ ಮೇಲೆ ಅದನ್ನು ಕೆಳಗಿನ ಪದರಗಳಿಗೆ ಸೇರಿಸಿ ಹೊಲಿಯುವುದು ಎರಡನೆಯ ಹಂತ. ಸಿದ್ದಿ ಹೆಂಗಸರಲ್ಲಿ ಈ ಎರಡು ಹಂತಗಳಿಲ್ಲ. ತಳಕ್ಕೆ ಒಂದು ಸೀರೆ ಹಾಸಿ, ಒಂದು ಮೂಲೆಯಲ್ಲಿ ಮೊದಲ ತುಂಡು ಇಟ್ಟು, ಅಂಚು ಒಳಗೆ ಮಡಚಿ, ಎಲ್ಲ ಪದರಗಳನ್ನೂ ಹಾಯುವಂತೆ ಸೂಜಿ ಮೇಲೆ ಕೆಳಗೆ ಆಡಿಸುತ್ತ ಹೊರಟುಬಿಡುತ್ತಾರೆ. ಅದರ ಪಕ್ಕಕ್ಕೆ ಇನ್ನೊಂದು ತುಂಡು, ಮತ್ತೊಂದು. ಅಂಚು ಹಿಡಿದು ಒಂದು ಸುತ್ತು ಬಂದು, ಅಲ್ಲಿಂದ ಒಳಕ್ಕೆ ಎರಡನೆಯ ಸುತ್ತು. ಹೀಗೆ ಸುತ್ತಿ ಸುತ್ತಿ ನಡುವಿಗೆ ಬಂದಾಗ ಕೌದಿ ಮುಗಿಯಿತು. ಜೋಡಣೆ, ಹೊಲಿಗೆ, ವಿನ್ಯಾಸ ಮೂರೂ ಒಂದೇ ಕೆಲಸ.

ಇದರ ಪರಿಣಾಮ ಯೋಚಿಸಿ. ನಕ್ಷೆ ಇಲ್ಲ. ದೂರ ನಿಂತು ನೋಡಿ, ಈ ಕೆಂಪು ಅಲ್ಲಿರಲಿ ಆ ಹಳದಿ ಇಲ್ಲಿರಲಿ ಎಂದು ಅದಲುಬದಲು ಮಾಡುವ ಅವಕಾಶ ಇಲ್ಲ. ಇಟ್ಟ ತುಂಡು ಹೊಲಿದಾಯಿತು. ಮುಂದಿನ ತುಂಡು ಹಿಂದಿನದಕ್ಕೆ ಉತ್ತರ ಕೊಡಬೇಕು. ಸುತ್ತು ಒಳಗೆ ಬಂದಂತೆ ಜಾಗ ಕಿರಿದಾಗುತ್ತದೆ, ಕೈಯಲ್ಲಿ ಉಳಿದ ಬಟ್ಟೆಯೂ ಕಡಿಮೆಯಾಗುತ್ತದೆ. ನಡುವಿನಲ್ಲಿ ಏನು ಬರುತ್ತದೆ ಎಂಬುದನ್ನು ಅಂಚಿನಲ್ಲಿ ಮಾಡಿದ ನೂರಾರು ಸಣ್ಣ ತೀರ್ಮಾನಗಳು ಸೇರಿ ನಿರ್ಧರಿಸಿರುತ್ತವೆ. ಹಾಗಿದ್ದೂ ಹೊಲಿದವಳ ಹತ್ತಿರ ಕೊನೆಗೆ ಒಂದು ತೀರ್ಮಾನ ಉಳಿದೇ ಇರುತ್ತದೆ.

1990ರಲ್ಲಿ ರೊನಾಲ್ಡ್ ಫಿಂಕ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ ಪ್ರಯೋಗಗಳನ್ನು ಓದಿದಾಗ ನನಗೆ ಕಣ್ಣಿಗೆ ಕಟ್ಟಿದ್ದು ಕೌದಿ ಹೊಲಿಯುವವಳ ಮುಂದಿನ ಚಿಂದಿಯ ಗುಡ್ಡೆ. ಗೋಲ, ಘನ, ಕೊಳವೆ, ಕೊಕ್ಕೆ, ಚಕ್ರ ಮುಂತಾದ 15 ಬಿಡಿಭಾಗಗಳ ಪಟ್ಟಿಯಿಂದ ಮೂರನ್ನು ಕೊಟ್ಟು, ಇವನ್ನು ಮನಸ್ಸಿನಲ್ಲೇ ಕೂಡಿಸಿ ಏನಾದರೂ ಉಪಯುಕ್ತ ವಸ್ತು ಮಾಡಿ ಎಂದು ಫಿಂಕ್ ಹೇಳುತ್ತಿದ್ದರು. ಕೆಲವರಿಗೆ ಭಾಗಗಳನ್ನೂ ವಸ್ತುವಿನ ಬಗೆಯನ್ನೂ ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿತ್ತು. ಇನ್ನು ಕೆಲವರಿಗೆ ಎರಡೂ ಚೀಟಿ ಎತ್ತಿದಂತೆ ಬರುತ್ತಿದ್ದವು. ಹೆಚ್ಚು ಸೃಜನಶೀಲ ಎಂದು ತೀರ್ಪುಗಾರರು ಎಣಿಸಿದ ವಸ್ತುಗಳು ಹೆಚ್ಚಾಗಿ ಬಂದದ್ದು ಸ್ವಾತಂತ್ರ್ಯ ಇಲ್ಲದವರಿಂದ. ಬೇಕಾದ್ದು ಸಿಕ್ಕಿದಾಗ ಮನಸ್ಸು ತಿಳಿದ ದಾರಿಯಲ್ಲೇ ನಡೆಯುತ್ತದೆ. ಮೇಜು ಮಾಡು ಎಂದರೆ ನಾಲ್ಕು ಕಾಲು, ಒಂದು ಹಲಗೆ. ಬೇಡದ್ದು ಕೈಗೆ ಬಂದಾಗ ಮೊದಲು ಆಕಾರ ಹುಟ್ಟುತ್ತದೆ, ಆಮೇಲೆ ಅದರ ಉಪಯೋಗ ಹೊಳೆಯುತ್ತದೆ. 2017ರಲ್ಲಿ ಕ್ಯಾಟ್ರಿನೆಲ್ ಹಾಟ್-ಟ್ರಾಂಪ್ ಶುಭಾಶಯದ ಪ್ರಾಸಪದ್ಯಗಳಲ್ಲೂ ಇದನ್ನೇ ಕಂಡರು. ಇಂಥ ಪದ ಬರಲೇಬೇಕು ಎಂಬ ಕಟ್ಟಳೆ ಹಾಕಿದಾಗ ಪದ್ಯಗಳು ಚುರುಕಾದವು. ಷಟ್ಪದಿಯಲ್ಲಿ ಆದಿಪ್ರಾಸ ಬಿಡದೆ ಇಡೀ ಕಾವ್ಯ ಬರೆದವರ ನಾಡಿನ ಓದುಗರಿಗೆ ಇದು ಆಶ್ಚರ್ಯದ ಸುದ್ದಿಯಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. 2016ರಲ್ಲಿ ರವಿ ಮೆಹ್ತಾ ಮತ್ತು ಮೆಂಗ್ ಝು, ಕೊರತೆಯ ಬಗ್ಗೆ ಯೋಚಿಸುವಂತೆ ಮಾಡಿದ ಜನ, ಸಾಮಾನು ಕಟ್ಟುವ ಗುಳ್ಳೆ ಪ್ಲಾಸ್ಟಿಕ್ ಹಾಳೆಗೆ ಹೆಚ್ಚು ಹೊಸ ಉಪಯೋಗಗಳನ್ನು ಹೇಳಿದರು ಎಂದು ತೋರಿಸಿದರು. ಇಂಥ ಫಲಿತಾಂಶ ಬಂದ ಕೂಡಲೇ ಬಡತನವನ್ನು ಹಾಡಿಹೊಗಳುವ ಜನ ಹುಟ್ಟಿಕೊಳ್ಳುತ್ತಾರೆ. ಸಿದ್ದಿಯರ ಪೂರ್ವಿಕರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಹೊಂದಿದವರು ಘಟ್ಟ ಹತ್ತಿ ಈ ಕಾಡಿನಲ್ಲಿ ನೆಲೆಸಿದರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರ ತನಕ ಕಾಯಬೇಕಾಯಿತು. ಆ ಇತಿಹಾಸದಲ್ಲಿ ಸೃಜನಶೀಲತೆಗೆ ನೆರವಾದದ್ದು ಏನೂ ಇಲ್ಲ. ಚಿಂದಿಯಿಂದ ಕೌದಿ ಆದದ್ದು ಕೊರತೆಯಿಂದಲ್ಲ. ಕೊರತೆಯ ನಡುವೆಯೂ ಹೇಗೆ ಹೊಲಿಯಬೇಕೆಂಬ ಒಂದು ಕ್ರಮವನ್ನು ತಾಯಂದಿರು ಮಕ್ಕಳಿಗೆ ಕಲಿಸಿಕೊಟ್ಟರು, ಅದರಿಂದ. ಕಟ್ಟಳೆ ಬೇರೆ, ಕೊರತೆ ಬೇರೆ. ಪ್ರಯೋಗಾಲಯದಲ್ಲಿ ಎರಡನ್ನೂ ಒಂದೇ ಪಾತ್ರೆಗೆ ಸುರಿಯುವುದು ಸುಲಭ.

ಇನ್ನು 'ಗುಂಪಿನ ಜನ'. ಕೌದಿಯ ನಾಲ್ಕು ಮೂಲೆಗಳಲ್ಲಿ ತ್ರಿಕೋನವಾಗಿ ಮಡಚಿದ ಬಟ್ಟೆಯ ತುಂಡುಗಳನ್ನು ಹೊಲಿಯುತ್ತಾರೆ. ಅದಕ್ಕೆ 'ಫುಲಾ', ಹೂವು, ಎನ್ನುತ್ತಾರೆ. ಫುಲಾದಿಂದ ಚಳಿ ಕಡಿಮೆಯಾಗುವುದಿಲ್ಲ, ಬಾಳಿಕೆ ಹೆಚ್ಚುವುದೂ ಇಲ್ಲ. ಆದರೆ ಅದಿಲ್ಲದ ಕೌದಿ ಅವರ ಕಣ್ಣಿಗೆ ಬೋಳು, ಬೆತ್ತಲೆ. ಅಂದರೆ ಈ ಊರುಗಳಲ್ಲಿ ಒಂದು ಅಲಿಖಿತ ವಿಮರ್ಶೆ ಇದೆ. ಕೌದಿಯನ್ನು ಬಿಸಿಲಿಗೆ ಹಾಕಿದಾಗ ದಾರಿಯಲ್ಲಿ ಹೋಗುವ ಹೆಂಗಸರು ನೋಡುತ್ತಾರೆ, ಹೊಲಿಗೆಯ ಸಾಲು ನೆಟ್ಟಗಿದೆಯೇ, ಬಣ್ಣ ಒಂದೇ ಕಡೆ ಗುಂಪಾಗಿದೆಯೇ ಎಂದು ಮಾತಾಡುತ್ತಾರೆ. ಕ್ರೈಸ್ತ ಸಿದ್ದಿಯರ ಕೆಲವು ಕೌದಿಗಳಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರ ಕೆಲವದರಲ್ಲಿ ಅರ್ಧಚಂದ್ರ ಕಾಣಿಸುತ್ತವೆ. ಹಿಂದೂ ಸಿದ್ದಿಯರೂ ಸೇರಿ ಧರ್ಮ ಮೂರು, ಹೊಲಿಯುವ ಕ್ರಮ ಒಂದು.

ಹಂಗೇರಿ ಮೂಲದ ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯಿ 1988ರಲ್ಲಿ ಒಂದು ಪ್ರಶ್ನೆ ಎತ್ತಿದರು: ಸೃಜನಶೀಲತೆ ಎಂದರೇನು ಎಂದು ಕೇಳುವುದನ್ನು ಬಿಟ್ಟು, ಅದು ಎಲ್ಲಿದೆ ಎಂದು ಕೇಳೋಣವೇ? ಅವರ ಉತ್ತರದಂತೆ ಅದು ಮೂರರ ನಡುವೆ ಇದೆ. ಹಿಂದಿನಿಂದ ಬಂದ ವಿದ್ಯೆ, ಅದರಲ್ಲಿ ಬದಲಾವಣೆ ತರುವ ವ್ಯಕ್ತಿ, ಆ ಬದಲಾವಣೆ ಉಳಿಯಬೇಕೇ ಬೇಡವೇ ಎಂದು ತೀರ್ಮಾನಿಸುವ ಬಲ್ಲವರು. ಮೂರರಲ್ಲಿ ಒಂದಿಲ್ಲದಿದ್ದರೆ ಉಳಿದೆರಡು ವ್ಯರ್ಥ. ಅಳತೆಯ ವಿಷಯದಲ್ಲೂ ಮನೋವಿಜ್ಞಾನಿ ತೆರೇಸಾ ಅಮಾಬಿಲೆ 1982ರಲ್ಲಿ ಇದೇ ದಾರಿ ಹಿಡಿದರು. ಕವಿತೆಯ ಸೃಜನಶೀಲತೆ ಅಳೆಯಬೇಕೆಂದರೆ ಅನುಭವಿ ಕವಿಗಳಿಗೆ ಬಿಡಿಬಿಡಿಯಾಗಿ ಕೊಡಿ, ಪರಸ್ಪರ ಮಾತಾಡದೆ ಅವರು ಕೊಡುವ ಅಂಕಗಳು ಹೊಂದುತ್ತವೆಯೇ ನೋಡಿ ಎಂದರು. ಹೊಂದುತ್ತವೆ. ಈ ವಿಧಾನ ಇಂದಿಗೂ ಈ ಕ್ಷೇತ್ರದ ಅತ್ಯಂತ ನಂಬಲರ್ಹ ಅಳತೆಗಳಲ್ಲಿ ಒಂದು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಧ್ಯಯನ ಮಾಡಿದರು, 2004ರಲ್ಲಿ ಸಿದ್ದಿ ಹೆಂಗಸರ ಒಂದು ಕೌದಿ ಸಹಕಾರಿ ಗುಂಪು ಆರಂಭವಾಗಲು ನೆರವಾದರು. ಮುಂದೆ ಕೌದಿಗಳು ಅಮೆರಿಕದಲ್ಲೂ ಪ್ರದರ್ಶನಗೊಂಡವು. ಅವರ ಕೆಲಸ ದೊಡ್ಡದು. ಆದರೆ ಪರದೇಶದ ಪ್ರಾಧ್ಯಾಪಕರು ಬಂದ ಮೇಲೆ ಹೊದಿಕೆ ಕಲೆಯಾಯಿತು ಎಂದು ಬರೆಯುವವರನ್ನು ನಾನು ಒಪ್ಪುವುದಿಲ್ಲ. ಫುಲಾ ಇಲ್ಲದ್ದು ಬೋಳು ಎನ್ನುವ ಕಣ್ಣು ಅದಕ್ಕೂ ಮೊದಲೇ ಅಲ್ಲಿತ್ತು.

ಸಿದ್ದಿಯರ ಮಾತು ಬಂದಾಗ ಇನ್ನೊಂದು ಮಾತು ತಪ್ಪದೆ ಕೇಳಿಬರುತ್ತದೆ: "ಅವರ ರಕ್ತದಲ್ಲೇ ತಾಳ ಇದೆ." ಹೊಗಳಿಕೆಯಂತೆ ಕಾಣುವ ಈ ಮಾತು ಹೊಗಳಿಕೆಯಲ್ಲ, ಕಲಿತದ್ದರ ಲೆಕ್ಕವನ್ನೇ ಅಳಿಸಿಹಾಕುವ ಮಾತು. 2011ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಯರ ಡಿಎನ್ಎ ಪರಿಶೀಲಿಸಿ ವರದಿ ಮಾಡಿದರು. ಅವರ ವಂಶವಾಹಿಗಳಲ್ಲಿ ಆಫ್ರಿಕದ ಬಾಂಟು ಜನರ ಪಾಲು ದೊಡ್ಡದಿದೆ, ಸುಮಾರು 200 ವರ್ಷಗಳ ಹಿಂದೆ ಭಾರತೀಯರ ಜೊತೆ ಬೆರೆತದ್ದೂ ಕಾಣುತ್ತದೆ. ತಾಳ ಬಾರಿಸುವ ವಂಶವಾಹಿಯನ್ನು ಯಾರೂ ಕಂಡಿಲ್ಲ. ಡಮಾಮಿ ಡೋಲು ಬಾರಿಸುವಲ್ಲಿ ಮಕ್ಕಳು ಮಗ್ಗುಲಲ್ಲೇ ಕೂತಿರುತ್ತಾರೆ, ಪುಗಡಿ ಕುಣಿಯುವ ಹೆಂಗಸರ ಸೆರಗು ಹಿಡಿದು ಹೆಜ್ಜೆ ಹಾಕುತ್ತಾರೆ. ತಾಳ ಬರುವುದು ಹಾಗೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ಓಟಗಾರರನ್ನಾಗಿ ಮಾಡಲು ಹೊರಟಾಗಲೂ ಹಿಂದಿದ್ದದ್ದು ಇದೇ ರಕ್ತದ ತರ್ಕ. ಪ್ರತಿಭೆ ಅಲ್ಲಿ ಇದ್ದೇ ಇತ್ತು, ಕೆಲವರು ಪದಕಗಳನ್ನೂ ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಅದರ ಜೊತೆ ತರಬೇತಿಯೂ ನಿಂತಿತು, ಓಟವೂ ನಿಂತಿತು.

ಎಡ ಮಿದುಳು ಲೆಕ್ಕಕ್ಕೆ, ಬಲ ಮಿದುಳು ಕಲೆಗೆ ಎಂಬ ಕಥೆಯೂ ರಕ್ತದ ಕಥೆಯ ತಂಗಿಯೇ. 2013ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಮಿದುಳುಗಳ ಸ್ಕ್ಯಾನ್ ನೋಡಿ, ಎಡ ಜಾತಿಯವರು ಬಲ ಜಾತಿಯವರು ಎಂದು ಜನರನ್ನು ವಿಂಗಡಿಸಲು ಆಧಾರವಿಲ್ಲ ಎಂದರು. ಅದನ್ನು ಇಲ್ಲಿಗೇ ಬಿಡೋಣ.

ಹೊಸತು ಮಾಡುವಾಗ ಮಿದುಳಿನಲ್ಲಿ ನಡೆಯುವುದೇನು ಎಂಬುದಕ್ಕೆ ಸಿಕ್ಕಿರುವ ಉತ್ತರ ಇದಕ್ಕಿಂತ ಸ್ವಾರಸ್ಯಕರ. 2008ರಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ ಆರು ಮಂದಿ ವೃತ್ತಿನಿರತ ಜಾಝ್ ಪಿಯಾನೊ ವಾದಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಲೋಹವಿಲ್ಲದ ಪುಟ್ಟ ಕೀಬೋರ್ಡ್ ಕೊಟ್ಟರು. ಬಾಯಿಪಾಠ ಮಾಡಿದ್ದನ್ನು ನುಡಿಸುವಾಗ ಒಂದು ಚಿತ್ರ, ಅಲ್ಲೇ ಹೊಸದಾಗಿ ಕಟ್ಟುತ್ತ ನುಡಿಸುವಾಗ ಇನ್ನೊಂದು. ಎರಡನೆಯ ಸಂದರ್ಭದಲ್ಲಿ ಹಣೆಯ ಹಿಂದಿನ, ತನ್ನನ್ನು ತಾನು ಕಾಯುವ, ತಪ್ಪು ಹುಡುಕುವ ಪಾರ್ಶ್ವಭಾಗ ತಣ್ಣಗಾಯಿತು. ತನ್ನದನ್ನು ಹೇಳಿಕೊಳ್ಳುವುದಕ್ಕೆ ಸಂಬಂಧಿಸಿದ ನಡುಭಾಗ ಚುರುಕಾಯಿತು. ಇದನ್ನು ಓದಿ "ಮಿದುಳನ್ನು ಸಡಿಲ ಬಿಟ್ಟರೆ ಸಾಕು" ಎಂದುಕೊಂಡವರು ಆ ಆರು ಮಂದಿಯ ವೃತ್ತಿಯನ್ನು ಮರೆತರು. ವರ್ಷಗಟ್ಟಲೆ ಬಿಗಿಯಾಗಿ ಕಲಿತವರು ಮಾತ್ರ ಸಡಿಲ ಬಿಡಬಲ್ಲರು. ಮುಂದೆ 2018ರಲ್ಲಿ ರೋಜರ್ ಬೀಟಿ ಮತ್ತು ಸಂಗಡಿಗರು 163 ಜನರಿಗೆ, ನಾವು ಆರಂಭದಲ್ಲಿ ನೋಡಿದ ಇಟ್ಟಿಗೆಯಂಥ ಪ್ರಶ್ನೆಗಳನ್ನೇ ಯಂತ್ರದೊಳಗೆ ಕೊಟ್ಟರು. ಮನಸ್ಸು ತನ್ನಷ್ಟಕ್ಕೆ ಅಲೆಯುವಾಗ ಎಚ್ಚರವಾಗುವ ಜಾಲ ಮತ್ತು ಗುರಿಯಿಟ್ಟು ಯೋಚಿಸುವಾಗ ಎಚ್ಚರವಾಗುವ ಜಾಲ ಸಾಮಾನ್ಯವಾಗಿ ಒಟ್ಟಿಗೆ ದುಡಿಯುವುದಿಲ್ಲ, ಒಂದು ಎದ್ದರೆ ಇನ್ನೊಂದು ಮಲಗುತ್ತದೆ. ಹೆಚ್ಚು ಅಪರೂಪದ ಉತ್ತರ ಕೊಟ್ಟವರಲ್ಲಿ ಅವೆರಡರ ನಡುವಿನ ಸಂಪರ್ಕ ಗಟ್ಟಿಯಾಗಿತ್ತು. ಅಲೆದಾಟವೂ ಬೇಕು, ಆರಿಸುವ ಕಣ್ಣೂ ಬೇಕು. ಊರಿನಲ್ಲಿ ಹೊಲಿಯುವವಳಿಗೂ ನೋಡುವವಳಿಗೂ ನಡುವೆ ನಡೆಯುವ ವ್ಯವಹಾರ ಒಂದೇ ತಲೆಯೊಳಗೂ ನಡೆಯುತ್ತದೆ ಎನ್ನಬಹುದೇನೋ. ಇದು ನನ್ನ ಊಹೆ, ಬೀಟಿಯವರದಲ್ಲ.

ಕಟ್ಟಳೆಯೊಳಗೆ ಆ ಕ್ಷಣಕ್ಕೆ ಹೊಸತು ಕಟ್ಟುವುದರ ಇನ್ನೊಂದು ಪಾಠಶಾಲೆ ಮುಂಡಗೋಡದಲ್ಲೇ ಇದೆ. 1966ರಿಂದ ಇಲ್ಲಿ ಟಿಬೆಟನ್ನರ ನೆಲೆ ಇದೆ, ಲ್ಹಾಸಾದ ಹೆಸರಾಂತ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಇಲ್ಲಿ ಮರುಹುಟ್ಟು ಪಡೆದಿವೆ. ಅಲ್ಲಿನ ಅಂಗಳಗಳಲ್ಲಿ ಭಿಕ್ಷುಗಳು ವಾದ ಮಾಡುವುದನ್ನು ನೋಡಿದವರಿಗೆ ಮೊದಲು ಜಗಳವೆಂದೇ ಅನ್ನಿಸುತ್ತದೆ. ಕೇಳುವವನು ನಿಂತಿರುತ್ತಾನೆ, ಉತ್ತರಿಸುವವನು ಕೂತಿರುತ್ತಾನೆ. ಪ್ರಶ್ನೆ ಮುಗಿಯುವ ಹೊತ್ತಿಗೆ ನಿಂತವನು ಕಾಲು ಅಪ್ಪಳಿಸಿ ಚಪ್ಪಾಳೆ ಹೊಡೆಯುತ್ತಾನೆ. ಕೂತವನಿಗೆ ಇರುವ ಉತ್ತರಗಳು ಬೆರಳೆಣಿಕೆಯವು: ಒಪ್ಪಿದೆ, ಯಾಕೆ, ಕಾರಣ ಸಿದ್ಧವಾಗಿಲ್ಲ, ಆ ಕಾರಣದಿಂದ ಈ ತೀರ್ಮಾನ ಬರುವುದಿಲ್ಲ. ಇಷ್ಟರಲ್ಲೇ ಗಂಟೆಗಟ್ಟಲೆ ವಾದ ನಡೆಯುತ್ತದೆ. ನಿಂತವನು ತನ್ನ ಎದುರಾಳಿ ಈಗಾಗಲೇ ಒಪ್ಪಿದ ಮಾತುಗಳಿಂದಲೇ ಅವನನ್ನು ಸಿಕ್ಕಿಸುವ ಪ್ರಶ್ನೆಯನ್ನು ಅಲ್ಲೇ ಕಟ್ಟಬೇಕು. ಗ್ರಂಥವೆಲ್ಲ ಬಾಯಿಪಾಠವಾಗಿದ್ದವನಿಗೂ ಮುಂದಿನ ಪ್ರಶ್ನೆ ಬಾಯಿಪಾಠದಲ್ಲಿ ಸಿಗುವುದಿಲ್ಲ. ಬಾಯಿಪಾಠ ಸೃಜನಶೀಲತೆಯ ಶತ್ರು ಎಂದು ನಮ್ಮ ಶಿಕ್ಷಣ ತಜ್ಞರು ಹೇಳುತ್ತಲೇ ಇರುತ್ತಾರೆ. ಈ ಅಂಗಳದಲ್ಲಿ ಅದು ಬಂಡವಾಳ. ನಮ್ಮ ಶಾಲೆಗಳಲ್ಲಿ ಕೊರತೆಯಿರುವುದು ಬಾಯಿಪಾಠದ ನಂತರದ ಚಪ್ಪಾಳೆ.

ನೆದರ್‌ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಮರೀಕೆ ವಾನ್ ವುಗ್ಟ್ ಬೈಲಕುಪ್ಪೆಯ ಸೆರ ಜೇ ಮಠದ ಭಿಕ್ಷುಗಳ ಜೊತೆಗೂಡಿ, ವಾದಿಸುವ ಇಬ್ಬರ ತಲೆಗೂ ಮಿದುಳಲೆ ಅಳೆಯುವ ಇಇಜಿ ಟೋಪಿ ಹಾಕಿ ಅಧ್ಯಯನ ನಡೆಸಿದ್ದಾರೆ. ಇಬ್ಬರೂ ಒಂದು ಮಾತಿಗೆ ಒಪ್ಪಿದ ಗಳಿಗೆಗಳಲ್ಲಿ ಹಣೆಭಾಗದ ಮಿದುಳಲೆಗಳ ಹೊಂದಿಕೆ, ಒಪ್ಪದ ಗಳಿಗೆಗಳಿಗಿಂತ ಹೆಚ್ಚಿತ್ತು. ಮುಂಡಗೋಡದ ಡ್ರೆಪುಂಗ್‌ನಲ್ಲೂ 2013ರ ಜನವರಿಯಲ್ಲಿ ನರವಿಜ್ಞಾನಿಗಳು, ಭೌತವಿಜ್ಞಾನಿಗಳು ದಲಾಯಿ ಲಾಮಾ ಮತ್ತು ಸಾವಿರಾರು ಭಿಕ್ಷುಗಳ ಜೊತೆ ಮನಸ್ಸು, ಮಿದುಳು, ಜಡವಸ್ತುಗಳ ಕುರಿತು ಹಲವು ದಿನ ಚರ್ಚಿಸಿದ್ದರು. ಅದೇ ಮಠಗಳ ಭಿಕ್ಷುಗಳು ಬಣ್ಣದ ಮರಳಿನಲ್ಲಿ ಬಿಡಿಸುವ ಮಂಡಲ ನೋಡಿ ಮೂಗಿನ ಮೇಲೆ ಬೆರಳಿಡುತ್ತೇವೆ. ಅದು ಸೃಜನಶೀಲವೇ? ಸ್ಟೈನ್ ವ್ಯಾಖ್ಯೆಯಂತೆ ಅಲ್ಲ, ಏಕೆಂದರೆ ಗೆರೆ, ಬಣ್ಣ, ಜಾಗ ಎಲ್ಲವೂ ಗ್ರಂಥದಲ್ಲಿ ನಿಗದಿಯಾಗಿರುತ್ತವೆ. ಹೊಸತು ಮಾಡಿದರೆ ಅಲ್ಲಿ ಅದು ತಪ್ಪು. ಎಲ್ಲ ಸುಂದರ ಕೆಲಸವನ್ನೂ ಸೃಜನಶೀಲ ಎಂದು ಕರೆಯುವ ನಮ್ಮ ಚಟ ಕುಶಲತೆಗೆ ಮಾಡುವ ಅವಮಾನ. ಮಂಡಲಕ್ಕೆ ಆ ಬಿರುದು ಬೇಕಾಗಿಯೂ ಇಲ್ಲ.

ಜೋಯಿಡಾದ ಗಡ್ಡೆಗಳ ಕಥೆ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಪ್ರತಿ ವರ್ಷ ಜನವರಿಯ ಸುಮಾರಿಗೆ ಗಡ್ಡೆಗೆಣಸು ಮೇಳ ನಡೆಯುತ್ತದೆ. ಕುಣಬಿ ಸಮುದಾಯದ ಹೆಂಗಸರು ಗಂಡಸರು ಕೆಸು, ಸುವರ್ಣಗಡ್ಡೆ, ಕಾಡುಗೆಣಸುಗಳ ಎಷ್ಟೋ ಬಗೆಗಳನ್ನು ತಂದು ರಾಶಿ ಹಾಕುತ್ತಾರೆ. ಕೆಲವು ಆಳೆತ್ತರಕ್ಕೆ ಹತ್ತಿರ ಬರುತ್ತವೆ. ಇದನ್ನು ಜನ 'ಪರಂಪರೆ' ಎಂಬ ಪೆಟ್ಟಿಗೆಗೆ ಹಾಕುತ್ತಾರೆ, ಸೃಜನಶೀಲತೆಯ ಪೆಟ್ಟಿಗೆಗೆ ಹಾಕುವುದಿಲ್ಲ. ಕೆಸುವನ್ನೇ ತೆಗೆದುಕೊಳ್ಳಿ. ಅದು ಬೀಜದಿಂದ ಬೆಳೆಯುವುದು ಅಪರೂಪ, ಗಡ್ಡೆಯ ತುಂಡಿನಿಂದಲೇ ಮುಂದಿನ ಗಿಡ. ಭಾರತದ ಎಷ್ಟೋ ಕೆಸುಗಳಲ್ಲಿ ವರ್ಣತಂತುಗಳು ಎರಡು ಕಂತೆಯ ಬದಲು ಮೂರು ಕಂತೆ, 28ರ ಬದಲು 42 ಇರುತ್ತವೆ. ಅಂಥವು ಬೀಜ ಕಟ್ಟುವುದೇ ಇಲ್ಲ. ಅಂದರೆ ಪ್ರತಿ ಗಿಡ ತಾಯಿಯ ನಕಲು. ಹೊಸ ಬಗೆ ಬರಬೇಕಾದರೆ ಗಡ್ಡೆಯ ಯಾವುದೋ ಮೊಳಕೆಯಲ್ಲಿ ಆಕಸ್ಮಿಕವಾಗಿ ವಂಶವಾಹಿ ಬದಲಾಗಬೇಕು. ಅದನ್ನು ಅಗೆಯುವವರು ಗಮನಿಸಬೇಕು. ಇದರ ದಂಟು ಬೇರೆ ಬಣ್ಣ, ಇದು ತುರಿಕೆ ಕಡಿಮೆ, ಇದು ಬೇಗ ಬೇಯುತ್ತದೆ ಎಂದು ಗೊತ್ತುಮಾಡಿಕೊಂಡು, ತಿನ್ನದೆ ಎತ್ತಿಟ್ಟು, ಮುಂದಿನ ಮಳೆಗೆ ಬೇರೆಯಾಗಿಯೇ ನೆಡಬೇಕು. ತುರಿಕೆಗೆ ಕಾರಣ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಅದು ಹತೋಟಿಗೆ ಬರುತ್ತದೆ ಎಂದು ಕಂಡುಕೊಂಡದ್ದೂ ಅಡುಗೆಮನೆಯಲ್ಲೇ.

1960ರಲ್ಲಿ ಡೊನಾಲ್ಡ್ ಕ್ಯಾಂಬೆಲ್ ಒಂದು ಸಿದ್ಧಾಂತ ಮುಂದಿಟ್ಟರು. ಮನುಷ್ಯನ ಸೃಜನಶೀಲ ಯೋಚನೆಯೂ ಜೀವವಿಕಾಸದ ಹಾಗೆಯೇ ನಡೆಯುತ್ತದೆ. ಕುರುಡಾಗಿ ಹುಟ್ಟುವ ಬದಲಾವಣೆಗಳು, ಅವುಗಳಲ್ಲಿ ತಕ್ಕದ್ದನ್ನು ಆರಿಸಿ ಉಳಿಸಿಕೊಳ್ಳುವುದು. ಡೀನ್ ಸೈಮಂಟನ್ ಇದನ್ನು ಮುಂದುವರಿಸಿ, ದೊಡ್ಡ ವಿಜ್ಞಾನಿಗಳ, ಸಂಗೀತಗಾರರ ಕೃತಿಗಳನ್ನು ಎಣಿಸಿ ನೋಡಿದರು. ಹೆಚ್ಚು ಒಳ್ಳೆಯದನ್ನು ಮಾಡಿದವರು ಹೆಚ್ಚು ಕೆಟ್ಟದ್ದನ್ನೂ ಮಾಡಿದ್ದರು, ಒಟ್ಟಾರೆ ಹೆಚ್ಚು ಮಾಡಿದ್ದರು. ಕುಣಬಿಗಳ ಹಿತ್ತಲಲ್ಲಿ ಕ್ಯಾಂಬೆಲ್ ಹೇಳಿದ ಎರಡೂ ಅರ್ಧಗಳು ಬೇರ್ಪಟ್ಟು ಕಾಣುತ್ತವೆ. ಬದಲಾವಣೆ ಗಿಡದ್ದು, ಆಯ್ಕೆ ಮನುಷ್ಯರದು. ಹೊಸತನ್ನು ಹುಟ್ಟಿಸದೆಯೂ, ಹುಟ್ಟಿದ ಹೊಸತನ್ನು ಗುರುತಿಸಿ ಉಳಿಸಿಕೊಂಡವರನ್ನು ಸೃಜನಶೀಲರು ಎನ್ನಲು ನನಗಂತೂ ಹಿಂಜರಿಕೆಯಿಲ್ಲ. ಪೆನಿಸಿಲಿನ್ ವಿಷಯದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಮಾಡಿದ್ದೂ ಇದನ್ನೇ. ಬೂಜು ತಾನಾಗಿ ಬಂದಿತ್ತು, ಅವರು ತಟ್ಟೆಯನ್ನು ತೊಳೆಯಲಿಲ್ಲ.

ಉಳಿದದ್ದು ದುಡ್ಡಿನ ಪ್ರಶ್ನೆ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಚಿತ್ರ ಬಿಡಿಸುವುದೆಂದರೆ ಪ್ರಾಣ ಬಿಡುವ ಪುಟ್ಟ ಮಕ್ಕಳನ್ನು ಆರಿಸಿ, ಕೆಲವರಿಗೆ ಮಾತ್ರ, ಬಿಡಿಸಿದರೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿದರು. ಒಂದೆರಡು ವಾರದ ನಂತರ ಬಹುಮಾನದ ಆಸೆಗೆ ಬಿಡಿಸಿದ ಮಕ್ಕಳೇ ಬಣ್ಣದ ಪೆನ್ನು ಮುಟ್ಟುವುದನ್ನು ಕಡಿಮೆ ಮಾಡಿದ್ದರು. 1985ರಲ್ಲಿ ಅಮಾಬಿಲೆ 72 ಮಂದಿ ಬರಹಗಾರರ ಮೇಲೆ ಇಂಥದೇ ಪ್ರಯೋಗ ನಡೆಸಿದರು. ಹಣ, ಹೆಸರು ಮುಂತಾದ ಕಾರಣಗಳ ಪಟ್ಟಿಯನ್ನು ಐದೇ ನಿಮಿಷ ಓದಿ ಕ್ರಮ ಹಾಕಿದವರು ಆಮೇಲೆ ಬರೆದ ಪುಟ್ಟ ಕವಿತೆಗಳಿಗೆ ಕವಿಗಳು ಕಡಿಮೆ ಅಂಕ ಕೊಟ್ಟರು.

ಹಾಗಾದರೆ ಕೌದಿ ಮಾರುವುದು ಕೌದಿಗೆ ಕೇಡೇ? ಹೊಟ್ಟೆ ತುಂಬಿದವರು ಈ ಪ್ರಶ್ನೆಯನ್ನು ಬಹಳ ಇಷ್ಟಪಡುತ್ತಾರೆ. ಹೊಲಿಯುವವಳ ದಿನದ ಕೂಲಿ, ಕಣ್ಣಿನ ದೃಷ್ಟಿ, ತಿಂಗಳ ಖರ್ಚು ಎಲ್ಲವೂ ಆ ಹೊಲಿಗೆಯ ಸಾಲಿನಲ್ಲಿದೆ. ಅಮಾಬಿಲೆಯವರೇ ಮುಂದಿನ ವರ್ಷಗಳಲ್ಲಿ ತಮ್ಮ ತೀರ್ಮಾನವನ್ನು ತಿದ್ದಿಕೊಂಡರು. ಹಣವೊಂದೇ ಸೃಜನಶೀಲತೆಯನ್ನು ಕೊಲ್ಲುವುದಿಲ್ಲ. ಹೀಗೇ ಮಾಡು, ಇಷ್ಟೇ ಮಾಡು ಎಂದು ಕೈಹಿಡಿದು ನಡೆಸುವ ಹಣ ಕೊಲ್ಲುತ್ತದೆ. ನಿನ್ನ ಕೆಲಸ ಚೆನ್ನಾಗಿದೆ ಎಂದು ತಿಳಿಸುವ ಹಣ, ಬೇಕಾದ ಬಟ್ಟೆ, ದಾರ, ಸಮಯ ಒದಗಿಸುವ ಹಣ ಅದನ್ನು ಬೆಳೆಸುತ್ತದೆ.

ಆದ್ದರಿಂದ ಮುಂಡಗೋಡ, ಹಳಿಯಾಳದ ಕಡೆ ಹೋದ ಓದುಗರಲ್ಲಿ ಒಂದು ಕೋರಿಕೆ. ಕೌದಿ ಹೊಲಿಸುವುದಿದ್ದರೆ ಮೊಬೈಲಿನಲ್ಲಿ ಮಾದರಿಯ ಫೋಟೊ ತೋರಿಸಬೇಡಿ, ನಿಮ್ಮ ಮಂಚಕ್ಕೂ ಪರದೆಗೂ ಹೊಂದುವ ಬಣ್ಣ ಹೇಳಬೇಡಿ. ಅಳತೆಯೊಂದನ್ನು ಕೊಡಿ, ಮನೆಯ ಹಳೆಯ ಹತ್ತಿ ಸೀರೆಗಳಿದ್ದರೆ ಅವನ್ನೂ ಕೊಡಿ, ಉಳಿದದ್ದನ್ನು ಹೊಲಿಯುವವರಿಗೆ ಬಿಡಿ. ಬೆಲೆಯಲ್ಲಿ ಚೌಕಾಸಿ ಮಾಡದೆ ಕೇಳಿದಷ್ಟು ಕೊಡಿ. ಹೊಲಿದವರ ಹೆಸರು ಕೇಳಿ ತಿಳಿದುಕೊಳ್ಳಿ. ನೋಡಿದವರು ಯಾರು ಮಾಡಿದ್ದು ಎಂದು ಕೇಳಿದಾಗ 'ಸಿದ್ದಿಯರದು' ಎನ್ನುವ ಬದಲು ಆ ಹೆಸರು ಹೇಳಿ.